ಡೆಂಗ್ಯೂ ಬಿಟ್ಟು ಎರಡು ತಿಂಗಳಾಯ್ತು, ಒಂದಲ್ಲ ಒಂದು ಕಾಯಿಲೆ ಬರುತ್ತಲೇ ಇದೆ. ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕಾಸರಗೋಡಿನ ಬದಿಯಡ್ಕ ಹತ್ತಿರದ ಹಳ್ಳಿ. ನಮ್ಮ ಮನೆಯವರಿಗೆ 44 ವರ್ಷ. ಅಡಕೆ ತೋಟ ಇದೆ, ಸ್ವಲ್ಪ ರಬ್ಬರ್ ಇದೆ. ಜೂನ್ ಕೊನೆಗೆ ಅವರಿಗೆ ಡೆಂಗ್ಯೂ ಬಂತು. ಪ್ಲೇಟ್‌ಲೆಟ್ 28,000ಕ್ಕೆ ಇಳಿದು, ಮಂಗಳೂರಿನಲ್ಲಿ ಐದು ದಿನ ಅಡ್ಮಿಟ್ ಆಗಿದ್ದರು. ಈಗ ಎರಡು ತಿಂಗಳಾಯಿತು. ತೋಟಕ್ಕೆ ಒಂದು ಸುತ್ತು ಹೋಗಿ ಬಂದರೆ ಮಲಗಲೇಬೇಕು. ಎರಡು ಸಲ ಶೀತ, ಕೆಮ್ಮು ಆಯಿತು. ತುಟಿಯಲ್ಲಿ ಗುಳ್ಳೆ ಎದ್ದು ಮಾಯವಾಯಿತು. ತೊಡೆಯಲ್ಲಿ ಒಂದರ ಹಿಂದೆ ಒಂದು ಮೂರು ಕುರು ಆದವು. ತೊಡೆಸಂದಿಯಲ್ಲಿ ತುರಿಕೆ ಇದೆ. ಮೆಡಿಕಲ್‌ನಿಂದ ತಂದ ಮುಲಾಮು ಹಚ್ಚಿದರೆ ಕಡಿಮೆ, ಬಿಟ್ಟರೆ ಜಾಸ್ತಿ. ಕೂದಲು ಕೈಗೆ ಬರುತ್ತಿದೆ. ಮೊನ್ನೆ ಲ್ಯಾಬಿನಲ್ಲಿ ಪುನಃ ರಕ್ತ ಕೊಟ್ಟೆವು, ‘ಡೆಂಗ್ಯೂ ಐಜಿಎಂ ಪಾಸಿಟಿವ್’ ಎಂದು ಬಂತು. ಡೆಂಗ್ಯೂ ಇನ್ನೂ ಒಳಗೆ ಉಳಿದಿದೆಯಾ? ಡೆಂಗ್ಯೂ ಬಂದವರಿಗೆ ರೋಗ ತಡೆಯುವ ಶಕ್ತಿಯೇ ಹೋಗಿಬಿಡುತ್ತದೆ, ಇನ್ನೊಮ್ಮೆ ಬಂದರೆ ಉಳಿಯುವುದಿಲ್ಲ ಎಂದು ನೆರೆಮನೆಯವರು ಹೇಳುತ್ತಾರೆ. ದಿನಾ ಅಮೃತಬಳ್ಳಿ ಕಷಾಯ ಕೊಡುತ್ತಿದ್ದೇನೆ. ನೆಂಟರೊಬ್ಬರು ಇಮ್ಯುನಿಟಿ ಪುಡಿ ತಂದಿದ್ದಾರೆ, ಡಬ್ಬಕ್ಕೆ 1,800 ರೂಪಾಯಿ. ಅಡಕೆಗೆ ಇನ್ನೊಂದು ಸಲ ಮದ್ದು ಸಿಂಪಡಿಸಬೇಕಿದೆ, ಇವರು ನಾನೇ ಮರ ಹತ್ತುತ್ತೇನೆ ಎಂದು ಹಟ ಮಾಡುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಿಮಗೆ ಹೆದರಿಕೆ ಹುಟ್ಟಿಸಿರುವುದು ಐಜಿಎಂ ರಿಪೋರ್ಟ್. ನನ್ನ ಕಣ್ಣು ನಿಂತದ್ದು ಮಾತ್ರ ಆ ಮೂರು ಕುರುಗಳ ಮೇಲೆ. ಅದಕ್ಕೆ ಬರುತ್ತೇನೆ. ಮೊದಲು ನಿಮ್ಮ ಹೆದರಿಕೆಯ ವಿಷಯ ಮುಗಿಸೋಣ.

ಐಜಿಎಂ ಎಂದರೆ ವೈರಸ್ ಅಲ್ಲ. ವೈರಸ್ ಒಳಗೆ ಬಂದಾಗ ಅದನ್ನು ಹಿಡಿಯಲು ನಮ್ಮ ದೇಹವೇ ತಯಾರಿಸಿಕೊಳ್ಳುವ ಪ್ರತಿಕಾಯ. ಜ್ವರ ಶುರುವಾಗಿ ಸುಮಾರು ಐದನೇ ದಿನಕ್ಕೆ ಇದು ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಎರಡು ಮೂರು ತಿಂಗಳು ಹಾಗೇ ಇರುತ್ತದೆ, ಕೆಲವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ ದಿನ. ವೈರಸ್ ಆದರೋ ರಕ್ತದಿಂದ ಹೆಚ್ಚುಕಡಿಮೆ ಒಂದು ವಾರದಲ್ಲಿ ಹೋಗಿಬಿಡುತ್ತದೆ. ಹಾಗಾಗಿ ಎರಡು ತಿಂಗಳ ನಂತರ ಐಜಿಎಂ ಪಾಸಿಟಿವ್ ಬಂದರೆ ಅದಕ್ಕೆ ಅರ್ಥ ಇಷ್ಟೇ: ಇತ್ತೀಚೆಗೆ ಡೆಂಗ್ಯೂ ಬಂದು ಹೋಗಿದೆ, ಇವರ ದೇಹ ಅದಕ್ಕೆ ಸರಿಯಾಗಿ ಉತ್ತರ ಕೊಟ್ಟಿದೆ. ರೋಗ ತಡೆಯುವ ಶಕ್ತಿ ಪೂರ್ತಿ ಹೋಗಿದ್ದರೆ ಈ ಪ್ರತಿಕಾಯ ತಯಾರಾಗುತ್ತಲೇ ಇರಲಿಲ್ಲ. ಈ ಪರೀಕ್ಷೆಯನ್ನು ಇನ್ನು ಮಾಡಿಸಬೇಡಿ. ಸುಮ್ನೆ ದುಡ್ಡು, ಸುಮ್ನೆ ಹೆದರಿಕೆ.

ಇನ್ನೊಂದು ತಪ್ಪು ತಿಳಿವಳಿಕೆ ಪ್ಲೇಟ್‌ಲೆಟ್ ಬಗ್ಗೆ. ನಮ್ಮ ಕಡೆ ಡೆಂಗ್ಯೂ ಎಂದರೆ ಜನರಿಗೆ ಮೊದಲು ನೆನಪಾಗುವುದೇ ಆ ಸಂಖ್ಯೆ. ‘28,000ಕ್ಕೆ ಇಳಿದಿತ್ತು, ಅಷ್ಟು ಶಕ್ತಿ ಹೋಗಿದೆ’ ಎಂದು ಎಷ್ಟೋ ಜನ ನನ್ನೆದುರು ಹೇಳಿದ್ದಾರೆ. ಪ್ಲೇಟ್‌ಲೆಟ್‌ನ ಮುಖ್ಯ ಕೆಲಸ ರಕ್ತ ಹೆಪ್ಪುಗಟ್ಟಿಸುವುದು. ಸೋಂಕಿನ ವಿರುದ್ಧ ಮುಂದೆ ನಿಂತು ಹೋರಾಡುವುದು ಬಿಳಿ ರಕ್ತಕಣಗಳು. ಒಂದು ಪ್ಲೇಟ್‌ಲೆಟ್‌ನ ಆಯುಸ್ಸು 8ರಿಂದ 10 ದಿನ. ಅಂದರೆ ಇವತ್ತು ನಿಮ್ಮ ಮನೆಯವರ ಮೈಯಲ್ಲಿ ಓಡಾಡುತ್ತಿರುವ ಒಂದೇ ಒಂದು ಪ್ಲೇಟ್‌ಲೆಟ್ ಕೂಡ ಜೂನ್ ತಿಂಗಳ ಜ್ವರವನ್ನು ಕಂಡದ್ದಲ್ಲ. ಎಲ್ಲವೂ ಆಮೇಲೆ ಹುಟ್ಟಿದವು.

ಹಾಗಾದರೆ ಡೆಂಗ್ಯೂ ದೇಹದ ಕಾವಲಿಗೆ ಏನೂ ಮಾಡುವುದಿಲ್ಲವೇ? ಮಾಡುತ್ತದೆ. ಜ್ವರದ ದಿನಗಳಲ್ಲಿ ಎಲುಬಿನ ಮಜ್ಜೆಯ ಕೆಲಸ ನಿಧಾನವಾಗುತ್ತದೆ. ಬಿಳಿ ರಕ್ತಕಣಗಳು ಸಾಮಾನ್ಯವಾಗಿ 4,000ದಿಂದ 11,000 ಇರಬೇಕು. ಡೆಂಗ್ಯೂವಿನಲ್ಲಿ 2,000ದ ಆಸುಪಾಸಿಗೆ ಇಳಿಯುವುದು ನಾವು ದಿನವೂ ನೋಡುವ ಸಂಗತಿ. ಕರುಳಿನ ಒಳಪದರವೂ ಸಡಿಲವಾಗುತ್ತದೆ. ಅಲ್ಲಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ನುಸುಳಬಹುದು. ಕೈಗೆ ಹಾಕಿದ ಡ್ರಿಪ್ ಸೂಜಿಯ ಜಾಗವೂ ಒಂದು ಬಾಗಿಲು. ಹಾಗಾಗಿ ಜ್ವರದ ಸಮಯದಲ್ಲಿ ಮತ್ತು ಅದಾದ ಮೊದಲ ಒಂದೆರಡು ವಾರ ಬೇರೆ ಸೋಂಕು ಸೇರಿಕೊಳ್ಳುವ ಅಪಾಯ ನಿಜಕ್ಕೂ ಇದೆ. ಆದರೆ ಮಜ್ಜೆ ಬೇಗ ಚೇತರಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಎರಡು ವಾರದೊಳಗೆ ಬಿಳಿ ಕಣಗಳು ಮೊದಲಿನ ಲೆಕ್ಕಕ್ಕೆ ಬರುತ್ತವೆ. ಎಚ್‌ಐವಿ ಹಾಗೆ ಕಾವಲು ಪಡೆಯನ್ನೇ ತಿಂದುಹಾಕುವ ವೈರಸ್ ಇದಲ್ಲ.

ಈಗ ನೀವು ಬರೆದದ್ದನ್ನು ಒಂದೊಂದಾಗಿ ಬಿಡಿಸಿ ನೋಡೋಣ. ಎಲ್ಲವನ್ನೂ ಒಂದೇ ಗಂಟು ಕಟ್ಟಿ ‘ಡೆಂಗ್ಯೂ ಬಂದ ನಂತರದ್ದು’ ಎಂದು ಇಟ್ಟರೆ ನಿಜವಾದ ಕಾಯಿಲೆ ಆ ಗಂಟಿನೊಳಗೇ ಉಳಿದುಬಿಡುತ್ತದೆ. ನನಗೆ ಕಾಡುವ ಚಿಂತೆ ಅದೇ.

ಸುಸ್ತು ಡೆಂಗ್ಯೂವಿನದ್ದೇ ಇರಬಹುದು. ಸಿಂಗಾಪುರದಲ್ಲಿ ಆಸ್ಪತ್ರೆಗೆ ಸೇರಿದ್ದ ಡೆಂಗ್ಯೂ ರೋಗಿಗಳನ್ನು ಎರಡು ತಿಂಗಳ ನಂತರ ವಿಚಾರಿಸಿದಾಗ ಸುಮಾರು ಕಾಲುಭಾಗ ಜನ ಇನ್ನೂ ಸುಸ್ತು ಎಂದಿದ್ದರು. ವೈರಸ್ ಹೋದರೂ ಅದರ ವಿರುದ್ಧ ಎದ್ದ ಉರಿಯೂತ ಪೂರ್ತಿ ತಣ್ಣಗಾಗಲು ಸಮಯ ಬೇಕು. ಮಲಗಿದ್ದ ದಿನಗಳಲ್ಲಿ ಮಾಂಸಖಂಡ ಕರಗಿರುತ್ತದೆ. ಇದಕ್ಕೆ ಮದ್ದಿಲ್ಲ, ಉಪಾಯ ಇದೆ. ಇವತ್ತು ಮೈ ಹಗುರ ಇದೆ ಎಂದು ಇಡೀ ದಿನದ ಕೆಲಸ ಮಾಡಿ ಮರುದಿನ ಮಲಗುವುದು ಬೇಡ. ದಿನಕ್ಕೆ ಅರ್ಧ ಗಂಟೆ, ಒಂದು ವಾರ ಬಿಟ್ಟು ಮುಕ್ಕಾಲು ಗಂಟೆ, ಹೀಗೆ ಏರಿಸಿಕೊಂಡು ಹೋಗಲಿ. ವಾರದಿಂದ ವಾರಕ್ಕೆ ಚೂರಾದರೂ ಸುಧಾರಿಸಬೇಕು. ಹಾಗಾಗದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಲಿವರ್ ಪರೀಕ್ಷೆ ಮಾಡಿಸಬೇಕು. ಮನಸ್ಸು ಕುಗ್ಗಿದೆಯಾ, ನಿದ್ದೆ ಬರುತ್ತದಾ ಎಂದೂ ಕೇಳಿ. ಗಂಡಸರು ಅದನ್ನು ತಾವಾಗಿ ಹೇಳುವುದು ಕಡಿಮೆ.

ಕೂದಲು ಉದುರುವುದಕ್ಕೆ ಚಿಂತೆ ಬೇಡ. ಜೋರು ಜ್ವರ ಬಂದಾಗ ತುಂಬ ಕೂದಲು ಒಟ್ಟಿಗೆ ಬೆಳೆಯುವುದನ್ನು ನಿಲ್ಲಿಸಿ, ಎರಡು ಮೂರು ತಿಂಗಳಿಗೆ ಒಟ್ಟಿಗೇ ಉದುರುತ್ತದೆ. ಬುಡ ಸತ್ತಿರುವುದಿಲ್ಲ. ಸುಮಾರು ಆರು ತಿಂಗಳಲ್ಲಿ ಉದುರುವುದು ನಿಂತು ಹೊಸದು ಬರುತ್ತದೆ. ತುಟಿಯ ಗುಳ್ಳೆ ಹರ್ಪಿಸ್ ವೈರಸ್‌ನದ್ದು ಇರಬೇಕು. ಅದು ಹೆಚ್ಚಾಗಿ ಚಿಕ್ಕಂದಿನಲ್ಲೇ ಬಂದು ನರದಲ್ಲಿ ಮಲಗಿರುತ್ತದೆ. ಮೈ ದಣಿದಾಗ ಏಳುತ್ತದೆ, ತಾನಾಗಿ ಹೋಗುತ್ತದೆ. ಮಳೆಗಾಲದಲ್ಲಿ ಎರಡು ಸಲ ಶೀತ ಆಗುವುದು ಡೆಂಗ್ಯೂ ಬಾರದವರಿಗೂ ಇದ್ದದ್ದೇ, ಅಲ್ವಾ?

ಈಗ ಕುರುಗಳ ವಿಷಯ. ಎರಡು ತಿಂಗಳಲ್ಲಿ ಮೂರು ಕುರು, ಜೊತೆಗೆ ಬಿಡದ ತುರಿಕೆ, ಜೊತೆಗೆ ಸುಸ್ತು. 44 ವರ್ಷದ ಮನುಷ್ಯ. ಇವರು ನನ್ನೆದುರು ಕೂತಿದ್ದರೆ ನಾನು ಮೊದಲು ಕೇಳುವ ಪ್ರಶ್ನೆ, ‘ಸಕ್ಕರೆ ಯಾವಾಗ ನೋಡಿಸಿದ್ದು?’ ಎಂದು. ಸಕ್ಕರೆ ಕಾಯಿಲೆ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ದೊಡ್ಡ ಜ್ವರವೊಂದು ಬಂದಾಗ ಅದು ಮೇಲೆ ಬರುತ್ತದೆ. ಸಕ್ಕರೆ ಜಾಸ್ತಿ ಇದ್ದರೆ ಬಿಳಿ ಕಣಗಳ ಸಂಖ್ಯೆ ಸರಿಯಿದ್ದರೂ ಅವು ಚುರುಕಾಗಿ ಕೆಲಸ ಮಾಡುವುದಿಲ್ಲ. ಚರ್ಮದ ಮೇಲೆ ಕುರು, ಸಂದಿಯಲ್ಲಿ ಫಂಗಸ್, ಗಾಯ ಬೇಗ ಮಾಗದಿರುವುದು ಇದರ ಗುರುತು. ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಮಾಡಿಸಿ. ಖಾಲಿ ಹೊಟ್ಟೆಯದ್ದು 126 ಅಥವಾ ಜಾಸ್ತಿ, ಎಚ್‌ಬಿಎ1ಸಿ 6.5 ಅಥವಾ ಜಾಸ್ತಿ ಬಂದರೆ ಅದು ಸಕ್ಕರೆ ಕಾಯಿಲೆ. ಆಸ್ಪತ್ರೆಯಲ್ಲಿ ಅವರಿಗೆ ರಕ್ತ ಏರಿಸಿದ್ದರೆ ಅದನ್ನು ಡಾಕ್ಟರಿಗೆ ಹೇಳಿ, ಎಚ್‌ಬಿಎ1ಸಿ ಲೆಕ್ಕ ತಪ್ಪಬಹುದು. ಸಕ್ಕರೆ ಇಲ್ಲ ಎಂದು ಬಂದರೆ ಒಳ್ಳೆಯದೇ ಆಯಿತು. ಕುರು ಮಾಡುವ ಬ್ಯಾಕ್ಟೀರಿಯಾ ಚರ್ಮದ ಮೇಲೆ, ಮೂಗಿನೊಳಗೆ ಮನೆ ಮಾಡಿಕೊಂಡು ಮತ್ತೆ ಮತ್ತೆ ಬರುವುದೂ ಉಂಟು. ಅವರ ಬೈರಾಸು, ಬಟ್ಟೆ ಬೇರೆ ಇಡಿ. ಕುರುವನ್ನು ಹಿಂಡಬೇಡಿ, ಬಿಸಿನೀರಿನ ಬಟ್ಟೆಯ ಶಾಖ ಕೊಡಿ. ಮುಂದಿನದ್ದು ಎದ್ದರೆ ಕೀವು ತೆಗೆಸಿ ಕಲ್ಚರ್‌ಗೆ ಕಳಿಸಲು ಹೇಳಿ. ಯಾವ ಮಾತ್ರೆ ಹಿಡಿಯುತ್ತದೆ ಎಂದು ಅದರಿಂದ ಗೊತ್ತಾಗುತ್ತದೆ.

ತುರಿಕೆಯ ಮುಲಾಮಿನ ಟ್ಯೂಬನ್ನು ಈಗಲೇ ಕೈಗೆ ತೆಗೆದುಕೊಳ್ಳಿ. ಹಿಂಬದಿಯ ಸಣ್ಣ ಅಕ್ಷರ ಓದಿ. ಕ್ಲೊಬೆಟಾಸಾಲ್ ಅಥವಾ ಬೆಟಾಮೆಥಾಸೋನ್ ಎಂದಿದೆಯಾ? ಇದ್ದರೆ ಅದು ಸ್ಟಿರಾಯ್ಡ್. ‘ಹಚ್ಚಿದರೆ ಕಡಿಮೆ, ಬಿಟ್ಟರೆ ಜಾಸ್ತಿ’ ಎಂದು ನೀವು ಬರೆದ ಮಾತೇ ನನಗೆ ಆ ಅನುಮಾನ ತಂದದ್ದು. ಸ್ಟಿರಾಯ್ಡ್ ಆ ಜಾಗದ ಉರಿ, ತುರಿಕೆಯನ್ನು ಅಡಗಿಸುತ್ತದೆ, ಜೊತೆಗೆ ಅಲ್ಲಿನ ಕಾವಲನ್ನೂ ಅಡಗಿಸುತ್ತದೆ. ಫಂಗಸ್ ಒಳಗೊಳಗೇ ಹಬ್ಬುತ್ತದೆ. ಡೆಂಗ್ಯೂ ಶಕ್ತಿ ಕುಗ್ಗಿಸಿತು ಎಂದು ನಾವು ಕೊರಗುತ್ತಿರುವಾಗ, ಶಕ್ತಿ ಕುಗ್ಗಿಸುವ ಮದ್ದನ್ನು ನಾವೇ ದಿನಕ್ಕೆ ಎರಡು ಸಲ ಹಚ್ಚುತ್ತಿರುತ್ತೇವೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಲ್ಲಿಸಿದ ಮೊದಲ ಕೆಲವು ದಿನ ತುರಿಕೆ ಜಾಸ್ತಿಯಾಗುತ್ತದೆ. ಸಹಿಸಿಕೊಳ್ಳಬೇಕು. ಚರ್ಮದ ಡಾಕ್ಟರಿಗೆ ತೋರಿಸಿ, ಬರೀ ಫಂಗಸ್ ಮದ್ದನ್ನು ಅವರು ಹೇಳಿದಷ್ಟು ವಾರ ಹಚ್ಚಿ. ಕಲೆ ಮಾಯವಾದ ಕೂಡಲೇ ಬಿಟ್ಟರೆ ಮತ್ತೆ ಬರುತ್ತದೆ. ಮಳೆಗಾಲದಲ್ಲಿ ಒಳಉಡುಪು ಅರೆ ಒಣಗಿದ್ದನ್ನೇ ಹಾಕಿಕೊಳ್ಳುವುದು ನಮ್ಮ ಕಡೆ ಮಾಮೂಲಿ. ಅದನ್ನು ತಪ್ಪಿಸಿ, ಇಸ್ತ್ರಿ ಹಾಕಿಯಾದರೂ ಪೂರ್ತಿ ಒಣಗಿಸಿ. ಸುಸ್ತಿಗೋ ಕೈಕಾಲು ನೋವಿಗೋ ಯಾರಾದರೂ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ. ಕೆಲವು ವಾರ ತಿಂದಿದ್ದರೆ ತಾವಾಗಿ ಒಮ್ಮೆಲೇ ನಿಲ್ಲಿಸಬಾರದು.

ನಿಮ್ಮ ಕಾಗದದಲ್ಲಿ ಹೊಸ ಜ್ವರದ ಮಾತಿಲ್ಲ. ಆದರೂ ಹೇಳಲೇಬೇಕು. ಹಿಂದೊಮ್ಮೆ ಅಡಕೆ ಕೊಯ್ಯುವ ಹುಡುಗನೊಬ್ಬ ನನ್ನಲ್ಲಿಗೆ ಬಂದಿದ್ದ. ಡೆಂಗ್ಯೂ ವಾಸಿಯಾಗಿ ಮನೆಗೆ ಹೋದವನಿಗೆ ಹತ್ತು ದಿನದ ನಂತರ ಪುನಃ ಜ್ವರ. ಡೆಂಗ್ಯೂವಿನ ಉಳಿಕೆ ಎಂದುಕೊಂಡು ನಾಲ್ಕು ದಿನ ಕಷಾಯ ಕುಡಿದಿದ್ದ. ಕುರ್ಚಿಯಲ್ಲಿ ಕೂತವನ ಕಣ್ಣಿನ ಬಿಳಿಭಾಗ ಅರಿಶಿನ ಬಣ್ಣಕ್ಕೆ ತಿರುಗಿತ್ತು. ಲುಂಗಿ ಸರಿಸಿ ಮೀನಖಂಡ ಒತ್ತಿದೆ, ಕಾಲು ಎಳೆದುಕೊಂಡ. ಬೆರಳ ಸಂದಿ ಕೆಸರಿಗೆ ಬೆಳ್ಳಗೆ ಒಡೆದಿತ್ತು. ಇಲಿಜ್ವರ ಅದು, ಇಲ್ಲಿನ ಆಸ್ಪತ್ರೆಯ ಬೋರ್ಡುಗಳಲ್ಲಿ ಮಲಯಾಳದಲ್ಲಿ ‘ಎಲಿಪ್ಪನಿ’ ಎಂದಿರುವುದು. ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ ಒಡೆದ ಚರ್ಮದ ಮೂಲಕ ಬರುತ್ತದೆ. ಹುಡುಗ ಬದುಕಿದ, ಆದರೆ ಕಿಡ್ನಿಗೆ ಪೆಟ್ಟು ಬಿದ್ದು ಡಯಾಲಿಸಿಸ್ ಬೇಕಾಯಿತು. ಮೊದಲ ದಿನವೇ ಬಂದಿದ್ದರೆ ಮಾತ್ರೆಯಲ್ಲೇ ಮುಗಿಯುವ ಸಾಧ್ಯತೆ ಹೆಚ್ಚಿತ್ತು.

ಡೆಂಗ್ಯೂ ಜ್ವರ ಪೂರ್ತಿ ಬಿಟ್ಟು ಕೆಲವು ದಿನ ಕಳೆದ ಮೇಲೆ ಬರುವ ಜ್ವರವನ್ನು ಹೊಸ ಕಾಯಿಲೆ ಎಂದೇ ಎಣಿಸಿ. ಮರುದಿನಕ್ಕೆ ಕಾಯಬೇಡಿ. ಇಲಿಜ್ವರ, ಟೈಫಾಯ್ಡ್, ಮಲೇರಿಯ, ಕಾಡು ಪೊದೆಯ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್, ಯಾವುದೂ ಇರಬಹುದು. ಕೆಸರಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ನೀವಾಗಿ ಹೇಳಿ. ಗಡಿಯ ಜನರಾದ ನಮಗೆ ಇನ್ನೊಂದು ತೊಂದರೆ ಇದೆ. ದೊಡ್ಡ ಕಾಯಿಲೆಗೆ ತಲಪಾಡಿಯಲ್ಲಿ ಕೇರಳದ ಗಡಿ ದಾಟಿ ಮಂಗಳೂರಿಗೆ ಹೋಗುತ್ತೇವೆ. ಪುನಃ ಜ್ವರ ಬಂದಾಗ ಹತ್ತಿರದ ಆಸ್ಪತ್ರೆಗೆ ಹೋಗುತ್ತೇವೆ. ಅಲ್ಲಿನವರಿಗೆ ಹಿಂದಿನ ಕತೆ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆ ಇಡಿ, ಯಾವ ಆಸ್ಪತ್ರೆಗೆ ಹೋದರೂ ಒಯ್ಯಿರಿ.

ಅಪರೂಪಕ್ಕೆ ಆಗುವ, ಆದರೆ ಕಾಯಬಾರದ ಕೆಲವು ಸಂಗತಿಗಳೂ ಇವೆ. ನೋಟದ ನಡುಭಾಗ ಮಸುಕಾದರೆ ಅದೇ ದಿನ ಕಣ್ಣಿನ ಡಾಕ್ಟರು. ಮುಖದ ಒಂದೇ ಬದಿ ನೋವು, ಊತ, ಮೂಗಿನಲ್ಲಿ ಕಪ್ಪು ಸಿಂಬಳ ಬಂದರೆ ಕಪ್ಪು ಫಂಗಸ್ ಇರಬಹುದು. ಹೆಚ್ಚಾಗಿ ಸಕ್ಕರೆ ಹತೋಟಿ ತಪ್ಪಿದವರಿಗೆ, ಸ್ಟಿರಾಯ್ಡ್ ತಿಂದವರಿಗೆ ಇದು ಬರುತ್ತದೆ. ಕಾಲು ಬಲ ಕಳೆದುಕೊಂಡು ಮೆಟ್ಟಿಲು ಹತ್ತಲಾಗದಿದ್ದರೆ, ಎದೆನೋವು ಬಂದರೆ, ಎರಡು ವಾರ ಮೀರಿ ಕೆಮ್ಮು ಉಳಿದರೆ ಮನೆಮದ್ದು ಬೇಡ.

ಅಮೃತಬಳ್ಳಿ ಕಷಾಯವನ್ನು ಸದ್ಯಕ್ಕೆ ನಿಲ್ಲಿಸಿ. ನಮ್ಮ ಹಿರಿಯರು ಬಳಸಿದ ಬಳ್ಳಿ, ಅದರ ಬಗ್ಗೆ ನಿಮಗಿರುವ ನಂಬಿಕೆ ನನಗೆ ಅರ್ಥವಾಗುತ್ತದೆ. ಆದರೆ ಡೆಂಗ್ಯೂ ಲಿವರಿಗೂ ಪೆಟ್ಟು ಕೊಡುತ್ತದೆ, ಅದು ಸರಿಯಾಗಲು ಕೆಲವು ವಾರ ಬೇಕು. ಕೋವಿಡ್ ಸಮಯದಲ್ಲಿ ಈ ಕಷಾಯವನ್ನು ತಿಂಗಳುಗಟ್ಟಲೆ ಕುಡಿದ ಕೆಲವರಿಗೆ ಲಿವರ್ ಉರಿಯೂತ ಆದದ್ದನ್ನು ಮುಂಬೈಯ ಡಾಕ್ಟರುಗಳು ದಾಖಲಿಸಿದ್ದಾರೆ. ಲಿವರ್ ಪರೀಕ್ಷೆ ಮಾಡಿಸಿ, ಸರಿಯಿದ್ದರೆ ಆಮೇಲೆ ಯೋಚಿಸಿದರಾಯಿತು. ಪಪ್ಪಾಯ ಎಲೆಯ ರಸ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿಸುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಎರಡು ತಿಂಗಳ ಮೇಲೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಇಮ್ಯುನಿಟಿ ಪುಡಿಯ ಡಬ್ಬ ಒಡೆದಿಲ್ಲದಿದ್ದರೆ ವಾಪಸ್ ಕೊಡಿ. ಇಂಥ ಕೆಲವು ಪುಡಿಗಳಲ್ಲಿ ಹೇಳದೆಯೇ ಸ್ಟಿರಾಯ್ಡ್ ಬೆರೆಸಿದ್ದು ಸಿಕ್ಕಿಬಿದ್ದಿದೆ. ಕುಚ್ಚಲಕ್ಕಿ ಗಂಜಿಯ ಜೊತೆ ಬರೀ ಉಪ್ಪಿನಕಾಯಿ ಸಾಲದು. ಹೆಸರುಕಾಳು, ಕಡಲೆ, ಮೊಸರು, ನಿಮ್ಮಲ್ಲಿ ತಿನ್ನುವುದಾದರೆ ಮೊಟ್ಟೆ ಮೀನು ದಿನವೂ ಇರಲಿ. ಕರಗಿದ ಮಾಂಸಖಂಡ ತುಂಬುವುದು ಇದರಿಂದ. ‘ಯಾವುದಕ್ಕೂ ಇರಲಿ’ ಎಂದು ಆ್ಯಂಟಿಬಯೋಟಿಕ್ ತಿನ್ನಿಸಬೇಡಿ.

ಇನ್ನೊಮ್ಮೆ ಡೆಂಗ್ಯೂ ಬಂದರೆ? ನೆರೆಮನೆಯವರ ಮಾತಿನಲ್ಲಿ ಸ್ವಲ್ಪ ನಿಜವಿದೆ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದೇ ಬಗೆ ಸಾಮಾನ್ಯವಾಗಿ ಜನ್ಮವಿಡೀ ಬರುವುದಿಲ್ಲ. ಉಳಿದ ಮೂರರಿಂದ ಸಿಗುವ ರಕ್ಷಣೆ ಸ್ವಲ್ಪ ಕಾಲದ್ದು. ಆಮೇಲೆ ಬೇರೆ ಬಗೆ ಬಂದಾಗ ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಆದರೆ ಕೊಲ್ಲಲಾರವು. ಹಾಗೆ ಅಂಟಿದ ಗಂಟನ್ನು ಬಿಳಿ ಕಣಗಳು ನುಂಗುತ್ತವೆ, ವೈರಸ್ ಅವುಗಳೊಳಗೇ ಮರಿ ಮಾಡುತ್ತದೆ. ಎರಡನೇ ಡೆಂಗ್ಯೂ ಹೆಚ್ಚು ತೀವ್ರವಾಗುವ ಸಾಧ್ಯತೆ ಇರುವುದು ಹೀಗೆ. ಶಕ್ತಿ ಇಲ್ಲದ್ದರಿಂದ ಅಲ್ಲ, ಇರುವ ಶಕ್ತಿ ದಾರಿ ತಪ್ಪುವುದರಿಂದ. ಹಾಗಿದ್ದರೂ ಎರಡನೇ ಸಲ ಬಂದವರಲ್ಲೂ ಬಹುಪಾಲು ಜನ ಗುಣವಾಗುತ್ತಾರೆ. ‘ಉಳಿಯುವುದಿಲ್ಲ’ ಎನ್ನುವುದು ಸುಳ್ಳು. ಇಂಥ ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ ಕೊಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ, ನೋವಿನ ಇಂಜೆಕ್ಷನ್ ಬೇಡ. ಜ್ವರ ಇಳಿದ ದಿನವೇ ಹೆಚ್ಚು ಎಚ್ಚರದ ದಿನ, ಮುಂದಿನ ಒಂದೆರಡು ದಿನವೂ ಹಾಗೇ. ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಿನ ಕೈಕಾಲು, ಕಡಿಮೆ ಮೂತ್ರ, ಒಸಡಲ್ಲಿ ರಕ್ತ, ಮಂಪರು ಕಂಡರೆ ಆ ಗಳಿಗೆಯೇ ಆಸ್ಪತ್ರೆ.

ಡೆಂಗ್ಯೂ ಹರಡುವ ಸೊಳ್ಳೆ ಹಗಲು ಕಚ್ಚುತ್ತದೆ, ಅದೂ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಜಾಸ್ತಿ. ನಮ್ಮ ತೋಟಗಳಲ್ಲಿ ಅದಕ್ಕೆ ತೊಟ್ಟಿಲು ಕಟ್ಟಿಕೊಟ್ಟಿರುವುದು ನಾವೇ. ಮಳೆಗೆ ಟ್ಯಾಪಿಂಗ್ (ಹಾಲು ತೆಗೆಯುವುದು) ನಿಲ್ಲಿಸಿದಾಗ ರಬ್ಬರ್ ಮರದಲ್ಲಿ ನೇತಾಡುವ ಗೆರಟೆ ಮತ್ತು ಕಪ್, ಬಿದ್ದ ಅಡಕೆ ಹಾಳೆ, ಅಳಿಲು ಕೊರೆದ ಕೊಕ್ಕೋ ಕಾಯಿ, ಮದ್ದು ಕಲಸಿದ ಡ್ರಮ್ಮು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಎಲ್ಲವನ್ನೂ ಮಗುಚಿ ಹಾಕಿ. ಡ್ರಮ್ಮಿನ ಒಳಮೈಯನ್ನು ಉಜ್ಜಿ ತೊಳೆಯಿರಿ, ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ.

ಮರ ಹತ್ತುವ ವಿಷಯ. ಈ ಸಲ ಬೇಡ. ಕೂತು ಏಳುವಾಗ ತಲೆ ತಿರುಗುತ್ತದಾ ಎಂದು ಕೇಳಿ ನೋಡಿ. ಸುಸ್ತು ಇರುವ ಮೈ ಮಳೆಗೆ ಜಾರುವ ಮರದ ತುದಿಯಲ್ಲಿ ಕೈಕೊಟ್ಟರೆ ಡೆಂಗ್ಯೂವಿಗಿಂತ ದೊಡ್ಡ ಅನಾಹುತ. ಮದ್ದು ಬಿಡಲು ಆಳು ಸಿಗುವುದು ಕಷ್ಟ ಎಂದು ನನಗೆ ಗೊತ್ತು. ಒಂದು ವಾರ ತಡವಾದರೂ ಆಳಿಗೇ ಕಾಯಿರಿ. ಕೆಳಗೆ ನಿಂತು ಪೈಪು ಹಿಡಿಯುವುದಾದರೆ ಗಂಬೂಟು ಹಾಕಿಕೊಂಡು ನಿಲ್ಲಲಿ, ಬೆರಳ ಸಂದಿ ಒಡೆದಿದ್ದರೆ ಕೆಸರಿಗೆ ಇಳಿಯುವುದು ಬೇಡ. ಇಲಿಜ್ವರ ತಡೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ತಿನ್ನಬೇಕೇ ಎಂದು ಊರಿನ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಈ ವಾರ ಮಾಡಿಸಬೇಕಾದ್ದು ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ, ಪೂರ್ತಿ ರಕ್ತಕಣಗಳ ಲೆಕ್ಕ, ಲಿವರ್ ಪರೀಕ್ಷೆ. ಇಷ್ಟೂ ಒಂದೇ ಸಲ ರಕ್ತ ಕೊಟ್ಟರೆ ಆಗುತ್ತದೆ. ರಿಪೋರ್ಟ್ ಬಂದ ಮೇಲೆ ಪುನಃ ಬರೆಯಿರಿ, ಮುಲಾಮಿನ ಟ್ಯೂಬಿನ ಹಿಂದೆ ಏನಿತ್ತು ಎಂಬುದನ್ನೂ ತಪ್ಪದೆ ತಿಳಿಸಿ.